ಪೂರ್ವಜರ ಇಸ್ಲಾಮ್ ಸ್ವೀಕಾರ: ಗ್ರಂಥಾಲಯದಲ್ಲಿ ಸನದಿನ ಹುಡುಕಾಟ

ಹದೀಸ್ ಶಾಸ್ತ್ರವನ್ನು ಅಭ್ಯಸಿಸಿದವರಲ್ಲಿ ಒಂದು ರೂಢಿ ಬೇರೂರಿಬಿಡುತ್ತದೆ. ಯಾವುದೇ ಮಾತು ಕಿವಿಗೆ ಬಿದ್ದೊಡನೆ, ಇದನ್ನು ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ಹಾಗೆ ಕೇಳುವ ವಯಸ್ಸು ಮತ್ತು ಅವಕಾಶ ಅವರಿಗಿತ್ತೇ ಎಂದು ಮನಸ್ಸು ತಾನಾಗಿಯೇ ವಿಚಾರಿಸತೊಡಗುತ್ತದೆ. ವುಝೂವಿನ ಒಂದು ಸುನ್ನತ್ತಿನ ವಿಷಯದಲ್ಲಿಯೂ ಸನದನ್ನು, ಅಂದರೆ ವರದಿಗಾರರ ಸರಪಳಿಯನ್ನು, ಕೇಳದೆ ಬಿಡದ ನಾವು ನಮ್ಮ ಪೂರ್ವಜರು ಇಸ್ಲಾಮನ್ನು ಸ್ವೀಕರಿಸಿದ್ದು ಹೇಗೆಂಬ ವಿಷಯದಲ್ಲಿ ಮಾತ್ರ ಕೇಳಿದ್ದನ್ನೆಲ್ಲ ನಂಬಿಬಿಡುತ್ತೇವೆ. ಹೊರಗಿನವರು ಖಡ್ಗದ ಕಥೆಯನ್ನು ಹೇಳುತ್ತಾರೆ. ನಮ್ಮವರು ಒಬ್ಬ ವಲಿಯ ಒಂದು ನೋಟಕ್ಕೆ ಊರಿಗೆ ಊರೇ ಕಲಿಮಾ ಹೇಳಿದ ಕಥೆಯನ್ನು ಹೇಳುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಹಿರಿಯರು, ನಾವು ಇಲ್ಲಿಯವರೇ ಅಲ್ಲ, ಅರಬ್ ದೇಶದಿಂದ ಬಂದವರು ಎನ್ನುತ್ತಾರೆ. ಈ ಮೂರು ಮಾತುಗಳ ನಡುವೆ ಸಿಕ್ಕಿಕೊಳ್ಳುವವರು ನಮ್ಮ ಮಕ್ಕಳು. ತರಗತಿಯಲ್ಲಿ ಸಹಪಾಠಿ ಕೇಳಿದ ಪ್ರಶ್ನೆಗೆ ಉತ್ತರ ತೋಚದೆ ತಲೆ ತಗ್ಗಿಸುವವರೂ ಅವರೇ.

ಇತ್ತೀಚಿನ ವರ್ಷಗಳಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳು ಧರ್ಮಶಾಸ್ತ್ರದ ಪ್ರಬಂಧಕ್ಕೆ ಮತಾಂತರವನ್ನೇ ವಿಷಯವನ್ನಾಗಿ ಆರಿಸಿಕೊಳ್ಳುತ್ತಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಮೊಬೈಲಿನಲ್ಲಿ ಆ ಪದವನ್ನು ಹುಡುಕಿದರೆ ದೊರೆಯುವುದು ಜಗಳವೇ ಹೊರತು ಆಧಾರವಲ್ಲ. ಆದುದರಿಂದ ಗ್ರಂಥಾಲಯವನ್ನು ಪ್ರವೇಶಿಸಿ ಈ ವಿಷಯವನ್ನು ಶೋಧಿಸುವ ಬಗೆಯನ್ನು ಕೆಲವು ನಿಜವಾದ ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಬೇಕೆಂದಿದ್ದೇವೆ.

ಮೊದಲು ಒಂದು ವ್ಯಾವಹಾರಿಕ ಮಾತು. ನಮ್ಮ ಹೆಚ್ಚಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಡ್ಯೂಯಿ ದಶಮಾಂಶ ಪದ್ಧತಿಯಂತೆ ಜೋಡಿಸಿರುತ್ತಾರೆ. ಅದರಲ್ಲಿ ಇಸ್ಲಾಮಿನ ಸಂಖ್ಯೆ 297, ಭಾರತದ ಇತಿಹಾಸದ ಸಂಖ್ಯೆ 954. ವಿದ್ಯಾರ್ಥಿ 297ರ ಕಪಾಟಿನ ಮುಂದೆ ಮಾತ್ರ ನಿಂತರೆ ಅರ್ಧ ಆಧಾರಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮತಾಂತರದ ಕುರಿತ ಅತ್ಯುತ್ತಮ ಆಧಾರಗಳು ಮತಾಂತರ ಎಂಬ ಶೀರ್ಷಿಕೆಯ ಕೆಳಗೆ ಇರುವುದಿಲ್ಲ. ಅವು ತಫ್ಸೀರಿನೊಳಗೆ, ಜೀವನಚರಿತ್ರೆಯ ಕೋಶಗಳೊಳಗೆ, ಜಿಲ್ಲಾ ಗೆಝೆಟಿಯರಿನ ಜಾತಿಗಳ ವಿವರಣೆಯೊಳಗೆ ಅಡಗಿ ಕುಳಿತಿರುತ್ತವೆ.

ತಫ್ಸೀರಿನಿಂದಲೇ ತೊಡಗೋಣ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಸಾರುವ ಅಲ್‌ಬಕರ ಅಧ್ಯಾಯದ 256ನೇ ಸೂಕ್ತವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಅವತೀರ್ಣವಾದ ಸಂದರ್ಭವನ್ನು ತಿಳಿದವರು ಕಡಿಮೆ. ಸುನನ್ ಅಬೂದಾವೂದಿನಲ್ಲಿ ಇಬ್ನು ಅಬ್ಬಾಸ್(ರ) ಅವರ ವರದಿಯೊಂದಿದೆ, ಇಮಾಮ್ ತಬರಿಯವರ ತಫ್ಸೀರಿನಲ್ಲಿಯೂ ಅದು ಹಲವು ಸನದುಗಳೊಂದಿಗೆ ಬಂದಿದೆ. ಇಸ್ಲಾಮಿಗೆ ಮುಂಚಿನ ಮದೀನಾದಲ್ಲಿ ಮಕ್ಕಳು ಉಳಿಯದ ತಾಯಂದಿರು, ಈ ಮಗು ಬದುಕಿದರೆ ಯಹೂದಿಯಾಗಿ ಬೆಳೆಸುವೆನೆಂದು ಹರಕೆ ಹೊರುತ್ತಿದ್ದರು. ಮುಂದೆ ಹಿಜರಿ 4ರಲ್ಲಿ ಬನೂ ನಝೀರ್ ಗೋತ್ರದವರು ಮದೀನಾವನ್ನು ಬಿಟ್ಟು ಹೊರಟಾಗ ಅವರ ನಡುವೆ ಅನ್ಸಾರರ ಇಂತಹ ಮಕ್ಕಳೂ ಇದ್ದರು. ನಮ್ಮ ಮಕ್ಕಳನ್ನು ಬಿಟ್ಟುಕೊಡಲಾರೆವು ಎಂದು ಅನ್ಸಾರರು ಹಟ ಹಿಡಿದರು. ಆ ಸಂದರ್ಭದಲ್ಲಿ ಈ ಸೂಕ್ತ ಅವತೀರ್ಣವಾಯಿತು. ಮತಾಂತರದ ಪ್ರಶ್ನೆ ಇಲ್ಲಿ ರಾಜ್ಯ ಮತ್ತು ಪ್ರಜೆಗಳ ನಡುವಿನದಾಗಿರದೆ, ತಂದೆತಾಯಿ ಮತ್ತು ಮಕ್ಕಳ ನಡುವಿನದಾಗಿತ್ತು. ಹೆತ್ತವರ ಮಮತೆಗೂ ಬಲಾತ್ಕಾರದ ಅಧಿಕಾರವಿಲ್ಲವೆಂಬುದು ಆ ದಿನ ತೀರ್ಮಾನವಾಯಿತು.

ಅದೇ ಪುಟಗಳಲ್ಲಿ ತಬರಿಯವರು ಈ ಸೂಕ್ತ ರದ್ದಾಗಿದೆಯೆಂದು ಹೇಳಿದವರ ಅಭಿಪ್ರಾಯವನ್ನೂ, ಇದು ಗ್ರಂಥದವರಂತಹ ನಿರ್ದಿಷ್ಟ ಜನವರ್ಗಕ್ಕೆ ಸಂಬಂಧಿಸಿದ್ದೆಂಬ ಅಭಿಪ್ರಾಯವನ್ನೂ ದಾಖಲಿಸಿ ಚರ್ಚಿಸಿದ್ದಾರೆ. ಪ್ರಬಂಧ ಬರೆಯುವವರು ತಮಗೆ ಪ್ರಿಯವಾದ ಸಾಲನ್ನು ಕಿತ್ತುಕೊಂಡು ಉಳಿದುದನ್ನು ಬಿಟ್ಟುಬಿಡಬಾರದು. ಮೌಲ್ಯಮಾಪನ ಮಾಡುವ ಪ್ರಾಧ್ಯಾಪಕರು ಮೂಲವನ್ನು ತೆರೆದು ನೋಡುವವರಾದರೆ ಅದು ಕೂಡಲೇ ಗೊತ್ತಾಗುತ್ತದೆ. ಅವರು ನೋಡದಿದ್ದರೂ ವಿದ್ವತ್ತಿಗೆ ಅದು ದ್ರೋಹವೇ.

ಇನ್ನು ಜೀವನಚರಿತ್ರೆಯ ಕೋಶಗಳು. ನಮ್ಮ ವಿದ್ವಾಂಸರು ಹದೀಸ್ ವರದಿಗಾರರ ವಿಶ್ವಾಸಾರ್ಹತೆಯನ್ನು ಅಳೆಯಲೆಂದು ರಚಿಸಿದ ತಬಖಾತ್ ಮತ್ತು ರಿಜಾಲ್ ಗ್ರಂಥಗಳು ಮತಾಂತರದ ಇತಿಹಾಸಕ್ಕೆ ಎಷ್ಟು ಉಪಯುಕ್ತವೆಂಬುದನ್ನು ಅವುಗಳನ್ನು ರಚಿಸಿದವರೇ ಊಹಿಸಿರಲಾರರು. ಇಮಾಮ್ ಬುಖಾರಿ(ರ) ಅವರ ಪೂರ್ಣ ಹೆಸರನ್ನು ನೆನೆಯಿರಿ: ಮುಹಮ್ಮದ್, ಅವರ ತಂದೆ ಇಸ್ಮಾಯೀಲ್, ಅವರ ತಂದೆ ಇಬ್ರಾಹೀಮ್, ಅವರ ತಂದೆ ಮುಗೀರಾ, ಅವರ ತಂದೆ ಬರ್ದಿಝ್‌ಬಹ್. ಮದ್ರಸದಲ್ಲಿ ಈ ವಂಶಾವಳಿಯನ್ನು ಬಾಯಿಪಾಠ ಮಾಡಿದವರು ಸಾವಿರಾರು ಮಂದಿ. ಕೊನೆಯ ಹೆಸರು ಅರಬೀ ಅಲ್ಲ ಎಂಬುದನ್ನು ಗಮನಿಸಿ. ಬರ್ದಿಝ್‌ಬಹ್ ಅಗ್ನಿಪೂಜಕರಾಗಿದ್ದರು. ಅವರ ಮಗ ಮುಗೀರಾ ಬುಖಾರಾದ ಅಧಿಕಾರಿ ಯಮಾನ್ ಅಲ್ ಜುಅಫಿಯವರ ಮೂಲಕ ಇಸ್ಲಾಮನ್ನು ಸ್ವೀಕರಿಸಿದರು. ಇಮಾಮರ ಹೆಸರಿನ ಕೊನೆಗೆ ಜುಅಫಿ ಎಂದು ಸೇರಿಕೊಂಡದ್ದು ಈ ಸಂಬಂಧದಿಂದಲೇ. ಒಂದು ಕುಟುಂಬ ಯಾವ ತಲೆಮಾರಿನಲ್ಲಿ ಇಸ್ಲಾಮಿಗೆ ಬಂತೆಂಬುದನ್ನು ಕೇವಲ ಹೆಸರುಗಳ ಸರಣಿ ಹೇಳಿಬಿಡುತ್ತದೆ.

ಇಮಾಮ್ ಅಬೂಹನೀಫಾ(ರ) ಅವರ ಅಜ್ಜನ ಹೆಸರು ಝೂತಾ. ಖತೀಬ್ ಬಗ್ದಾದಿಯವರು ಏಳು ಸಾವಿರಕ್ಕೂ ಹೆಚ್ಚು ಮಂದಿಯ ವಿವರಗಳಿರುವ ತಮ್ಮ ತಾರೀಖು ಬಗ್ದಾದಿನಲ್ಲಿ ಅವರ ಮನೆತನದ ಕುರಿತು ಪರಸ್ಪರ ಹೊಂದಿಕೆಯಾಗದ ವರದಿಗಳನ್ನು ಉಲ್ಲೇಖಿಸುತ್ತಾರೆ. ಒಂದರ ಪ್ರಕಾರ ಝೂತಾ ಕಾಬೂಲಿನ ಕಡೆಯಿಂದ ಸೆರೆಯಾಳಾಗಿ ಬಂದು ಬಿಡುಗಡೆ ಹೊಂದಿದವರು. ಇಮಾಮರ ಮೊಮ್ಮಗ ಇಸ್ಮಾಯೀಲರ ಪ್ರಕಾರ ಆ ಮನೆತನ ಎಂದೂ ದಾಸ್ಯಕ್ಕೆ ಒಳಗಾಗಿರಲಿಲ್ಲ. ಸಹಸ್ರ ವರ್ಷಗಳ ಹಿಂದೆಯೂ ಪೂರ್ವಜರ ವಿಷಯ ಕುಟುಂಬದ ಮರ್ಯಾದೆಯ ವಿಷಯವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಕೋಶಕಾರರು ಎರಡನ್ನೂ ಉಳಿಸಿಕೊಟ್ಟರು, ಯಾವುದನ್ನೂ ಬಚ್ಚಿಡಲಿಲ್ಲ.

ಇಂತಹ ವಂಶಾವಳಿಗಳನ್ನು ರಾಶಿ ಹಾಕಿ ಲೆಕ್ಕ ಹಿಡಿದವರು ಅಮೆರಿಕದ ಇತಿಹಾಸಕಾರ ರಿಚರ್ಡ್ ಬುಲಿಯೆಟ್. ಮಧ್ಯಯುಗದಲ್ಲಿ ಇಸ್ಲಾಮ್ ಸ್ವೀಕಾರವನ್ನು ಕುರಿತ ಅವರ ಗ್ರಂಥ 1979ರಲ್ಲಿ ಪ್ರಕಟವಾಯಿತು. ವಂಶಾವಳಿಯಲ್ಲಿ ಪಾರಸಿ ಹೆಸರು ಮುಗಿದು ಮುಸ್ಲಿಮ್ ಹೆಸರು ಆರಂಭವಾಗುವ ತಲೆಮಾರನ್ನು ಗುರುತಿಸಿ, ಅದರ ಕಾಲವನ್ನು ಅಂದಾಜಿಸಿ ಅವರು ಒಂದು ರೇಖೆಯನ್ನು ಎಳೆದರು. ಸಾಸಾನಿ ವಂಶದ ಕೊನೆಯ ದೊರೆ ಯಝ್ದಗಿರ್ದ್ ಸತ್ತದ್ದು 651ರಲ್ಲಿ. ಆದರೆ ಇರಾನಿನ ಜನರಲ್ಲಿ ಅರ್ಧದಷ್ಟು ಮಂದಿ ಇಸ್ಲಾಮಿಗೆ ಬರಲು ಅಲ್ಲಿಂದ ಮುಂದೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತೆಂಬುದು ಅವರ ಲೆಕ್ಕದಿಂದ ಹೊರಬಂತು. ಕೋಟೆ ಬಿದ್ದ ದಿನವೇ ಜನ ಧರ್ಮವನ್ನು ಬದಲಾಯಿಸಿದ್ದರೆ ಆ ರೇಖೆ ಹಾಗೆ ಇರುತ್ತಿರಲಿಲ್ಲ. ಈ ವಿಧಾನಕ್ಕೆ ಮಿತಿಯೂ ಇದೆ. ಕೋಶಗಳಲ್ಲಿ ಬರುವವರು ನಗರಗಳ ವಿದ್ವಾಂಸರು, ಹಳ್ಳಿಯ ರೈತರೂ ಹೆಂಗಸರೂ ಅಲ್ಲಿ ಬಲು ಅಪರೂಪ. ಪ್ರಬಂಧದಲ್ಲಿ ಈ ಮಿತಿಯನ್ನು ಹೇಳಲೇಬೇಕು.

ಇರಾನಿಗೆ ಅಂತಹ ಕೋಶಗಳಿವೆ, ನಮ್ಮ ದಖ್ಖನಿಗೆ ಅಷ್ಟು ಹಳೆಯ, ಅಷ್ಟು ವಿಸ್ತಾರವಾದ ಕೋಶಗಳಿಲ್ಲ. ಹಾಗಾಗಿ ಇಲ್ಲಿ ದಾರಿ ಬೇರೆ. ಕರ್ನಾಟಕದ ವಿದ್ಯಾರ್ಥಿಯೊಬ್ಬ ಈ ವಿಷಯಕ್ಕೆ ಕೈ ಹಾಕಿದರೆ ಮೊದಲು ಎದುರಾಗುವ ಗ್ರಂಥ ಥಾಮಸ್ ಆರ್ನಾಲ್ಡರದು. ಅವರು ಅಲೀಗಢದ ಮೊಹಮಡನ್ ಆಂಗ್ಲೋ ಓರಿಯೆಂಟಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ, ಸರ್ ಸಯ್ಯಿದ್ ಮತ್ತು ಅಲ್ಲಾಮಾ ಶಿಬ್ಲಿಯಂತಹವರ ಒಡನಾಟದಲ್ಲಿ ರಚಿಸಿ 1896ರಲ್ಲಿ ಪ್ರಕಟಿಸಿದ ಕೃತಿ ಅದು. ಇಸ್ಲಾಮ್ ಹರಡಿದ್ದು ಧರ್ಮಪ್ರಚಾರದಿಂದ ಎಂದು ಪ್ರತಿಪಾದಿಸುವ ಆ ಗ್ರಂಥ ಉರ್ದುವಿಗೆ ದಅವತೆ ಇಸ್ಲಾಮ್ ಎಂಬ ಹೆಸರಿನಲ್ಲಿ ಬಂದು ನಮ್ಮ ಮನೆಮನೆಯನ್ನೂ ತಲಪಿತು. ಇಂದಿಗೂ ನಮ್ಮ ಭಾಷಣಗಳಲ್ಲಿ, ಕರಪತ್ರಗಳಲ್ಲಿ ಕಾಣುವ ಮಾತುಗಳ ಮೂಲ ಬಹುಮಟ್ಟಿಗೆ ಅದೇ. ಗ್ರಂಥಕರ್ತರ ಹೆಸರು ಮಾತ್ರ ದಾರಿಯಲ್ಲಿ ಉದುರಿಹೋಗಿದೆ.

ಆ ಗ್ರಂಥದಲ್ಲಿ ದಖ್ಖನಿನ ಕುರಿತ ಭಾಗವನ್ನು ತೆರೆದರೆ ಹೀಗೆ ಹೇಳಿದೆ: ಬಿಜಾಪುರದ ಮುಸ್ಲಿಮ್ ಬೇಸಾಯಗಾರರು ಜೈನರ ವಂಶಸ್ಥರು, 1304ರ ಸುಮಾರಿಗೆ ಧರ್ಮಪ್ರಚಾರಕರಾಗಿ ಬಂದ ಪೀರ್ ಮಹಾಬೀರ್ ಖಮ್ದಾಯತ್ ಎಂಬವರ ಮೂಲಕ ಅವರು ಇಸ್ಲಾಮಿಗೆ ಬಂದರು. ಗುಲ್ಬರ್ಗಾದ ಹಝ್ರತ್ ಸಯ್ಯಿದ್ ಮುಹಮ್ಮದ್ ಗೇಸೂದರಾಝ್(ರ) ಪೂನಾ ಜಿಲ್ಲೆಯ ಹಿಂದೂಗಳನ್ನೂ ಮುಂದೆ ಬೆಳಗಾವಿಯ ಕಡೆಯವರನ್ನೂ ಇಸ್ಲಾಮಿಗೆ ತಂದರು. ಓದಲು ಹಿತವಾಗಿದೆ. ಆದರೆ ಸನದ್ ಎಲ್ಲಿ? ಆರ್ನಾಲ್ಡರು ಪ್ರಾಮಾಣಿಕರು, ಅಡಿಟಿಪ್ಪಣಿಯಲ್ಲಿ ಮೂಲವನ್ನು ಕೊಟ್ಟಿದ್ದಾರೆ. ಅದು ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದ ಬಾಂಬೆ ಪ್ರೆಸಿಡೆನ್ಸಿಯ ಗೆಝೆಟಿಯರ್.

ಆಗ ವಿದ್ಯಾರ್ಥಿ 297ರ ಕಪಾಟನ್ನು ಬಿಟ್ಟು ಗೆಝೆಟಿಯರುಗಳ ಕಡೆಗೆ ನಡೆಯಬೇಕು. ಬೆಳಗಾವಿ, ಧಾರವಾಡ, ಬಿಜಾಪುರಗಳ ಸಂಪುಟಗಳು 1884ರಲ್ಲಿ ಬಂದವು. ಅವುಗಳಲ್ಲಿ ಮುಸ್ಲಿಮರ ಒಂದೊಂದು ಪಂಗಡದ ಉಡುಗೆ, ಊಟ, ಕಸುಬುಗಳ ವಿವರಣೆಯ ನಡುವೆ, ಇವರು ಇಂತಹ ಜಾತಿಯಿಂದ ಇಂತಹ ಪೀರರ ಮೂಲಕ ಬಂದವರೆಂದು ಹೇಳಲಾಗುತ್ತದೆ ಎಂಬ ಧಾಟಿಯ ಒಂದು ಸಾಲು ಬರುತ್ತದೆ. ಹೇಳಿದವರ ಹೆಸರಿಲ್ಲ. ಊರಿನ ಜನರು ಅಧಿಕಾರಿಗಳಿಗೆ ಹೇಳಿದ್ದು, ಅಧಿಕಾರಿಗಳು ಬರೆದುಕೊಂಡದ್ದು, ಅಷ್ಟೇ. ಅಂದರೆ ನಮ್ಮ ಕರಪತ್ರದಿಂದ ಆರ್ನಾಲ್ಡರಿಗೆ, ಆರ್ನಾಲ್ಡರಿಂದ ಗೆಝೆಟಿಯರಿಗೆ, ಗೆಝೆಟಿಯರಿನಿಂದ 1880ರ ದಶಕದ ಹೆಸರಿಲ್ಲದ ಬಾಯಿಮಾತಿಗೆ ಬಂದು ಸರಪಳಿ ತುಂಡಾಗುತ್ತದೆ. ಹಝ್ರತ್ ಗೇಸೂದರಾಝ್(ರ) ನಿಧನ ಹೊಂದಿದ್ದು 1422ರಲ್ಲಿ. ನಡುವಿನ ನಾಲ್ಕೂವರೆ ಶತಮಾನಗಳ ಕಾಲ ಈ ಮಾತನ್ನು ಯಾರು ಯಾರಿಗೆ ಹೇಳಿದರು?

ಅವರ ಕಾಲದ ಮೂಲವೇ ನಮಗೆ ಲಭ್ಯವಿರುವುದರಿಂದ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಹಝ್ರತರ ಮಾತುಗಳನ್ನು ಅವರ ಮಗ ಸಯ್ಯಿದ್ ಅಕ್ಬರ್ ಹುಸೈನಿಯವರು 1400ರ ಆಸುಪಾಸಿನಲ್ಲಿ ಪಾರಸಿಯಲ್ಲಿ ಸಂಗ್ರಹಿಸಿದರು. ಗ್ರಂಥದ ಹೆಸರು ಜವಾಮಿಉಲ್ ಕಲಿಮ್. ಅದರಲ್ಲಿ ಅವರು ಬ್ರಾಹ್ಮಣ ಪಂಡಿತರೊಂದಿಗೆ ತಾವು ನಡೆಸಿದ ವಾದಗಳನ್ನು ನೆನೆಯುತ್ತಾರೆ. ಅವರ ಗ್ರಂಥಗಳನ್ನೂ ಪುರಾಣಗಳನ್ನೂ ಅರಿತುಕೊಂಡೇ ವಾದಕ್ಕೆ ಇಳಿದಿದ್ದರು. ವಾದದಲ್ಲಿ ಸೋತವರು ಗೆದ್ದವರ ಧರ್ಮವನ್ನು ಸ್ವೀಕರಿಸಬೇಕೆಂಬ ಒಪ್ಪಂದವಿದ್ದರೂ, ಸೋತ ಬಳಿಕ ಒಬ್ಬರು ಸಂಸಾರದ ಕಾರಣವನ್ನು, ಇನ್ನೊಬ್ಬರು ಹಿರಿಯರ ದಾರಿಯ ಕಾರಣವನ್ನು ಹೇಳಿ ಹಿಂಜರಿದರೆಂದು ಅವರು ವಿಷಾದಿಸುತ್ತಾರೆ. ಸಾವಿರಾರು ಜನರನ್ನು ಮತಾಂತರಿಸಿದ ಹೆಮ್ಮೆ ಆ ಮಾತುಗಳಲ್ಲಿ ಇಲ್ಲ. ಇದಕ್ಕೂ ಮುಂಚಿನ ತಲೆಮಾರಿನಲ್ಲಿ, ದೆಹಲಿಯ ಹಝ್ರತ್ ನಿಝಾಮುದ್ದೀನ್ ಔಲಿಯಾ(ರ) ಅವರ ಸಂಭಾಷಣೆಗಳನ್ನು ಅಮೀರ್ ಹಸನರು ಸಂಗ್ರಹಿಸಿದ ಫವಾಯಿದುಲ್ ಫುಆದಿನಲ್ಲಿಯೂ ಹೀಗೆಯೇ ಇದೆ. ಶಿಷ್ಯರೊಬ್ಬರು ತಮ್ಮ ಹಿಂದೂ ಗೆಳೆಯನನ್ನು ಕರೆತಂದಾಗ, ಮಾತಿನಿಂದ ಯಾರ ಹೃದಯವೂ ತಿರುಗುವುದಿಲ್ಲ, ಸಜ್ಜನರ ಸಹವಾಸ ದೊರೆತರೆ ತಿರುಗೀತು ಎಂಬ ಅರ್ಥದ ಮಾತನ್ನು ಹಝ್ರತರು ಕಣ್ಣೀರು ತುಂಬಿ ಹೇಳಿದರಂತೆ. ವಲಿಗಳು ತಮ್ಮ ಬಗ್ಗೆ ಹೇಳಿಕೊಳ್ಳದ ಪವಾಡಗಳನ್ನು ನಾವು ಅವರ ಹೆಸರಿನಲ್ಲಿ ಹೇಳುತ್ತ ಬಂದಿದ್ದೇವೆ.

ಇನ್ನು ಪೀರ್ ಮಹಾಬೀರ್ ಖಮ್ದಾಯತ್. ಈ ಹೆಸರಿನಲ್ಲಿಯೇ ಒಂದು ಪಾಠವಿದೆ. ಅದು ಗೆಝೆಟಿಯರಿನ ಬರಹದಲ್ಲಿ ರೂಪ ಬದಲಿಸಿಕೊಂಡ ಹೆಸರು. ಬಿಜಾಪುರದ ಪರಂಪರೆಯಲ್ಲಿ ಅವರು ಪೀರ್ ಮಅಬರಿ ಖಂದಾಯತ್. ಗ್ರಂಥಾಲಯದ ಪಟ್ಟಿಯಲ್ಲಿ ಒಂದೇ ರೂಪವನ್ನು ಹುಡುಕಿ, ದೊರೆಯಲಿಲ್ಲವೆಂದು ಹಿಂದಿರುಗುವವರು ಇದನ್ನು ನೆನಪಿಡಬೇಕು. 19ನೇ ಶತಮಾನದ ಮೊದಲ ಭಾಗದಲ್ಲಿ ಮುಹಮ್ಮದ್ ಇಬ್ರಾಹೀಮ್ ಝುಬೈರಿಯವರು ಪಾರಸಿಯಲ್ಲಿ ಬರೆದ ರೌಝತುಲ್ ಔಲಿಯಾಯೆ ಬಿಜಾಪುರ್ ಎಂಬ ಸಂತಚರಿತ್ರೆಯಲ್ಲಿ ಇದೇ ಪೀರರು ಕಬ್ಬಿಣದ ಸಲಾಕೆಯನ್ನು ಹಿಡಿದು ರಾಜರ ತಲೆಗಳನ್ನು ಒಡೆದ ಯೋಧರಾಗಿ ಕಾಣಿಸಿಕೊಳ್ಳುತ್ತಾರೆ. ಗೆಝೆಟಿಯರಿನಲ್ಲಿ ಶಾಂತ ಪ್ರಚಾರಕರು, ಸಂತಚರಿತ್ರೆಯಲ್ಲಿ ಉಗ್ರ ಯೋಧರು. ವ್ಯಕ್ತಿ ಒಬ್ಬರೇ. ಪ್ರೀತಿಯಿಂದ ಹರಡಿತೆನ್ನುವವರೂ ಖಡ್ಗದಿಂದ ಹರಡಿತೆನ್ನುವವರೂ ಒಬ್ಬರೇ ಪೀರರನ್ನು ಸಾಕ್ಷಿಗೆ ಕರೆಯಬಹುದು, ಎರಡೂ ಸಾಕ್ಷ್ಯಗಳು ಘಟನೆಯ ಐದು ಶತಮಾನಗಳ ನಂತರದವು! ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಗ್ರಂಥ ಬರೆದ ರಿಚರ್ಡ್ ಈಟನ್ ಇಂತಹ ಆಧಾರಗಳಿಂದ ಯೋಧ ಸೂಫಿಗಳ ಒಂದು ವರ್ಗವನ್ನೇ ಗುರುತಿಸಿದರು. ಖುಲ್ದಾಬಾದಿನ ಸೂಫಿಗಳನ್ನು ಅಭ್ಯಸಿಸಿದ ಕಾರ್ಲ್ ಅರ್ನ್ಸ್ಟ್ 1992ರ ತಮ್ಮ ಗ್ರಂಥದಲ್ಲಿ ಅದನ್ನು ಒಪ್ಪಲಿಲ್ಲ. ತಡವಾದ ಕಥನಗಳ ಮೇಲೆ ಅಷ್ಟು ಭಾರ ಹೊರಿಸಲಾಗದು ಎಂಬುದು ಅವರ ವಾದ. ನಮಗೆ ಅರ್ನ್ಸ್ಟರ ಮಾತು ಹೆಚ್ಚು ಸರಿಯೆನಿಸುತ್ತದೆ. ಅದು ನಮಗೆ ಅನುಕೂಲವೆಂಬ ಕಾರಣಕ್ಕಲ್ಲ. ಅದೇ ಅಳತೆಗೋಲಿನಿಂದ ಗೆಝೆಟಿಯರಿನ ಶಾಂತ ಪ್ರಚಾರಕರ ಕಥೆಯನ್ನೂ ಅಳೆಯಬೇಕಾಗುತ್ತದೆ.

ಹಾಗಾದರೆ ನಮ್ಮ ಹಿರಿಯರು ಹೇಳಿದ್ದೆಲ್ಲ ಸುಳ್ಳೇ? ಅಲ್ಲ. ಹದೀಸ್ ಶಾಸ್ತ್ರದಲ್ಲಿ ಸನದ್ ತುಂಡಾದ ವರದಿಗೂ ಕಟ್ಟುಕಥೆಗೂ ವ್ಯತ್ಯಾಸವಿದೆ. ಮುನ್ಖತಿಅ್ ಆದ ವರದಿಯನ್ನು ಮೌಝೂಅ್ ಎಂದು ಎಸೆಯುವುದಿಲ್ಲ. ಬೇರೆ ಆಧಾರಗಳ ಬೆಂಬಲ ಸಿಗುವವರೆಗೆ ಅದನ್ನು ಬದಿಗಿಟ್ಟು ಕಾಯುತ್ತಾರೆ. ಒಂದು ಪಂಗಡದವರು ಶತಮಾನಗಳಿಂದ ಒಬ್ಬ ವಲಿಯನ್ನು ತಮ್ಮ ಗುರುವೆಂದು ಸ್ಮರಿಸುತ್ತ ಬಂದಿದ್ದರೆ ಅವರ ನಡುವೆ ಏನೋ ಸಂಬಂಧವಿದ್ದಿರಲೇಬೇಕು. ಅದು ಒಂದೇ ದಿನದ ಮತಾಂತರವೇ ಅಥವಾ ತಲೆಮಾರುಗಳ ದರ್ಗಾ ನಿಷ್ಠೆಯೇ ಎಂಬುದನ್ನು ಗೆಝೆಟಿಯರಿನ ಸಾಲೊಂದು ತೀರ್ಮಾನಿಸಲಾರದು.

ತಮ್ಮ ಪರಂಪರೆಯನ್ನು ಹೀಗೆ ಪರೀಕ್ಷಿಸುವ ಧೈರ್ಯ ನಮ್ಮ ಹಳೆಯ ಉಲಮಾಗಳಿಗಿತ್ತು. ಕರಾವಳಿಯ ಶಾಫಿಈ ಮದ್ರಸಗಳಲ್ಲಿ ಓದಿದವರಿಗೆ ಫತ್‌ಹುಲ್ ಮುಈನ್ ಗ್ರಂಥದ ಕರ್ತೃ ಝೈನುದ್ದೀನ್ ಮಖ್ದೂಮರನ್ನು ಪರಿಚಯಿಸಬೇಕಾಗಿಲ್ಲ. ಪೊನ್ನಾನಿಯ ಆ ವಿದ್ವಾಂಸರು 16ನೇ ಶತಮಾನದ ಕೊನೆಯ ಭಾಗದಲ್ಲಿ ಪೋರ್ಚುಗೀಸರ ದೌರ್ಜನ್ಯಗಳ ಬಗ್ಗೆ ತುಹ್ಫತುಲ್ ಮುಜಾಹಿದೀನ್ ಎಂಬ ಇತಿಹಾಸವನ್ನೂ ಬರೆದರು. ಮಲಬಾರಿನ ಅರಸ ಇಸ್ಲಾಮನ್ನು ಸ್ವೀಕರಿಸಿ ಅರಬ್ ದೇಶಕ್ಕೆ ತೆರಳಿದ ಕಥೆಯೂ, ಆ ಬಳಿಕ ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರು ಕರಾವಳಿಯುದ್ದಕ್ಕೂ ಮಸೀದಿಗಳನ್ನು ಕಟ್ಟಿಸಿದ ವಿವರವೂ ಅದರಲ್ಲಿವೆ. ಆ ಮಸೀದಿಗಳ ಪಟ್ಟಿಯಲ್ಲಿ ನಮ್ಮ ಮಂಗಳೂರು ಮತ್ತು ಬಾರ್ಕೂರುಗಳೂ ಸೇರಿವೆ. ಅರಸ ಪ್ರವಾದಿ(ಸ)ಯವರ ಕಾಲದಲ್ಲಿಯೇ ಇಸ್ಲಾಮನ್ನು ಸ್ವೀಕರಿಸಿದನೆಂಬ ಮಾತು ಜನರಲ್ಲಿ ಪ್ರಚಲಿತವಾಗಿತ್ತು. ಯಾವ ಮುಸ್ಲಿಮನಿಗೆ ಆ ಮಾತು ಪ್ರಿಯವಾಗದು? ಆದರೂ ಮಖ್ದೂಮರು ಅದನ್ನು ಒಪ್ಪಲಿಲ್ಲ. ಕಾಲ ಖಚಿತವಿಲ್ಲವೆಂದೂ, ಹಿಜರಿ ಇನ್ನೂರರ ಬಳಿಕ ನಡೆದಿರುವ ಸಂಭವವೇ ಹೆಚ್ಚೆಂದೂ ಬರೆದರು. ಅವರ ಸುತ್ತ ಯುದ್ಧ ನಡೆಯುತ್ತಿತ್ತು, ಸಮುದಾಯಕ್ಕೆ ಹುರುಪು ತುಂಬುವ ಗ್ರಂಥವನ್ನೇ ಅವರು ಬರೆಯುತ್ತಿದ್ದರು. ಅಂತಹ ಹೊತ್ತಿನಲ್ಲಿಯೂ ಆಧಾರವಿಲ್ಲದ ಹಿರಿಮೆ ಅವರಿಗೆ ಬೇಡವಾಗಿತ್ತು. ಅದೇ ಗ್ರಂಥದಲ್ಲಿ, ಮಲಬಾರಿನ ಕೀಳೆಂದು ಗಣಿಸಲ್ಪಟ್ಟ ಜಾತಿಯವನೊಬ್ಬ ಇಸ್ಲಾಮನ್ನು ಸ್ವೀಕರಿಸಿದರೆ ಅಲ್ಲಿನ ಹಿಂದೂಗಳು ಅಡ್ಡಿಪಡಿಸದೆ, ಉಳಿದ ಮುಸ್ಲಿಮರಂತೆಯೇ ಅವನನ್ನೂ ಕಾಣುತ್ತಿದ್ದರೆಂದು ಅವರು ದಾಖಲಿಸಿದ್ದಾರೆ. ಖಡ್ಗವನ್ನು ಹಿಡಿದ ಮುಸ್ಲಿಮ್ ಅರಸನೇ ಇಲ್ಲದ ನಾಡಿನ ಮಾತಿದು.

ಖಡ್ಗದ ವಾದಕ್ಕೆ ಜನಗಣತಿಯ ವರದಿಗಳು ಸಾಕಷ್ಟು ಉತ್ತರ ಕೊಡುತ್ತವೆ. 1872ರ ಗಣತಿ ನಡೆದಾಗ ಪೂರ್ವ ಬಂಗಾಳದ ಹಳ್ಳಿಗಳಲ್ಲಿ ಮುಸ್ಲಿಮರೇ ಬಹುಸಂಖ್ಯಾತರೆಂಬುದು ಬ್ರಿಟಿಷರಿಗೆ ಅಚ್ಚರಿ ತಂದಿತು. ದೆಹಲಿ, ಆಗ್ರಾಗಳ ಸುತ್ತ, ಅಂದರೆ ಅಧಿಕಾರ ಅತ್ಯಂತ ಬಲವಾಗಿದ್ದೆಡೆ, ಅವರ ಪ್ರಮಾಣ ಅಷ್ಟಿರಲಿಲ್ಲ. ಅಧಿಕಾರದಿಂದ ದೂರವಾದ ಪೂರ್ವ ಬಂಗಾಳ ಮತ್ತು ಪಶ್ಚಿಮ ಪಂಜಾಬುಗಳಲ್ಲಿ ಹೆಚ್ಚಿತ್ತು. ಈಟನ್ ಅವರು ಬಂಗಾಳದ ಕುರಿತ 1993ರ ಗ್ರಂಥದಲ್ಲಿ ಇದನ್ನು ವಿಶದವಾಗಿ ಚರ್ಚಿಸಿ, ಕಾಡು ಕಡಿದು ಬೇಸಾಯ ವಿಸ್ತರಿಸಿದ ಪ್ರಕ್ರಿಯೆಯೊಂದಿಗೆ ಇಸ್ಲಾಮ್ ಅಲ್ಲಿ ನಿಧಾನವಾಗಿ ಬೇರೂರಿತೆಂದು ತೋರಿಸಿದ್ದಾರೆ. ಗಣತಿಯ ವರದಿಗಾರರು ಬಂಗಾಳದ ಮುಸ್ಲಿಮರು ಸ್ಥಳೀಯ ಜನರೇ ಎಂದು ಬರೆದಾಗ ಅಲ್ಲಿನ ಶರೀಫ್ ಮನೆತನಗಳಿಗೆ ಅವಮಾನವಾಯಿತು. ಖೊಂದಕಾರ್ ಫಝ್ಲಿ ರಬ್ಬಿ ಎಂಬವರು 1895ರಲ್ಲಿ ಅದನ್ನು ಖಂಡಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಬಂಗಾಳದ ಮುಸ್ಲಿಮರು ಹೊರದೇಶಗಳಿಂದ ಬಂದವರ ಸಂತತಿ ಎಂಬುದು ಅವರ ಹಟ. ಸಹಾಬಿಗಳಲ್ಲಿ ಹೆಚ್ಚಿನವರು ಸ್ವತಃ ಇಸ್ಲಾಮಿಗೆ ಬಂದವರೇ ಆಗಿರುವಾಗ, ಪೂರ್ವಜರು ಇದೇ ಮಣ್ಣಿನ ನೇಕಾರರೋ ರೈತರೋ ಆಗಿದ್ದರೆಂದು ಒಪ್ಪಿಕೊಳ್ಳಲು ನಾಚಿಕೆಯೇಕೆಂದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಇಷ್ಟು ಹೇಳಿದ ಬಳಿಕ ಕಹಿಯಾದ ಕಪಾಟನ್ನೂ ತೆರೆಯಬೇಕು. ಬಲಾತ್ಕಾರ ಎಂದೂ ನಡೆದಿಲ್ಲ ಎಂದು ಪ್ರಬಂಧದಲ್ಲಿ ಬರೆದರೆ ಅದು ನಿಲ್ಲುವುದಿಲ್ಲ. 12ನೇ ಶತಮಾನದಲ್ಲಿ ಸ್ಪೇನ್ ಮತ್ತು ಮೊರಾಕ್ಕೊಗಳನ್ನು ಆಳಿದ ಮುವಹ್ಹಿದೂನ್ ಅರಸರು ಯಹೂದಿಗಳ ಮತ್ತು ಕ್ರೈಸ್ತರ ಮೇಲೆ ಒತ್ತಡ ಹೇರಿದರು. ಇಬ್ನುಲ್ ಖಿಫ್ತಿಯವರು ತತ್ತ್ವಜ್ಞಾನಿಗಳ ಮತ್ತು ವೈದ್ಯರ ಜೀವನಚರಿತ್ರೆಯ ಕೋಶದಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಯಹೂದಿ ವಿದ್ವಾಂಸ ಮೂಸಾ ಬಿನ್ ಮೈಮೂನ್ ಆ ಒತ್ತಡದಲ್ಲಿ ಹೊರಗೆ ಮುಸ್ಲಿಮರಂತೆ ನಟಿಸಿ, ಈಜಿಪ್ಟಿಗೆ ಬಂದ ಮೇಲೆ ತಮ್ಮ ಧರ್ಮದಲ್ಲಿಯೇ ಬಹಿರಂಗವಾಗಿ ಬಾಳುತ್ತಿದ್ದರು. ಸ್ಪೇನಿನಿಂದ ಬಂದವನೊಬ್ಬ ಇವರು ಧರ್ಮಭ್ರಷ್ಟರೆಂದು ದೂರು ಕೊಟ್ಟ. ಸುಲ್ತಾನ್ ಸಲಾಹುದ್ದೀನರ ಆಪ್ತ ಮಂತ್ರಿ ಅಲ್ ಖಾಝಿ ಅಲ್ ಫಾಝಿಲರು, ಬಲಾತ್ಕಾರಕ್ಕೊಳಗಾದವನ ಇಸ್ಲಾಮ್ ಸ್ವೀಕಾರ ಶರೀಅತ್ತಿನ ಪ್ರಕಾರ ಸಿಂಧುವಲ್ಲ ಎಂದು ಹೇಳಿ ದೂರನ್ನು ತಳ್ಳಿಹಾಕಿದರು. ಇಬ್ನು ಖುದಾಮಾ ಅವರ ಅಲ್ ಮುಗ್ನಿಯಲ್ಲಿಯೂ, ಬಲಾತ್ಕರಿಸಲು ಅನುಮತಿಯಿಲ್ಲದವನನ್ನು ಬಲಾತ್ಕರಿಸಿದರೆ, ಅವನು ಸ್ವಇಚ್ಛೆಯಿಂದ ಮುಸ್ಲಿಮನಾದನೆಂಬುದು ಗೋಚರಿಸುವವರೆಗೆ ಇಸ್ಲಾಮಿನ ವಿಧಿ ಅವನಿಗೆ ಅನ್ವಯಿಸದು ಎಂಬ ನಿಯಮ ಇದೆ. ಅರಸರು ಮಾಡಿದ್ದೇನು, ಫುಖಹಾಗಳು ಹೇಳಿದ್ದೇನು ಎಂಬ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಪ್ರಬಂಧಕ್ಕೆ ಬೆನ್ನೆಲುಬು ಬರುತ್ತದೆ.

ಇದೇ ಪ್ರಶ್ನೆಗಳನ್ನು ಟಿಪ್ಪು ಸುಲ್ತಾನರ ವಿಷಯದಲ್ಲಿಯೂ ಕೇಳಬೇಕು. ಕೊಡಗು ಮತ್ತು ಮಲಬಾರುಗಳಲ್ಲಿನ ಮತಾಂತರಗಳ ಉಲ್ಲೇಖಗಳು ಅವರ ಕಾಲದ ಪಾರಸಿ ಬರಹಗಳಲ್ಲಿ ಇವೆ. ಅವರ ಪತ್ರಗಳನ್ನು ಆಯ್ದು 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕರ್ಕ್‌ಪ್ಯಾಟ್ರಿಕ್ ಅವರ ಶತ್ರುಪಾಳಯದ ಅಧಿಕಾರಿ ಎಂಬುದು ನಿಜ. ಅಂತಹ ಬರಹಗಳಲ್ಲಿನ ಸಂಖ್ಯೆಗಳಲ್ಲಿ ವಿಜಯದ ಬಡಾಯಿ ಬೆರೆತಿರಬಹುದೆಂಬುದೂ ನಿಜ. ಆದರೆ ಅಷ್ಟರಿಂದಲೇ ಅವು ಇಲ್ಲವಾಗುವುದಿಲ್ಲ. ಹಾಗೆಯೇ, ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳೂ ಇಲ್ಲವಾಗುವುದಿಲ್ಲ. ಅವು 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರ ಗಮನಕ್ಕೆ ಬಂದವು. ಎರಡನ್ನೂ ಮೇಜಿನ ಮೇಲೆ ಒಟ್ಟಿಗೆ ಇರಿಸಿ ಓದಬೇಕು. ಒಂದನ್ನು ಮಾತ್ರ ಓದುವವರು ನಮ್ಮಲ್ಲಿಯೂ ಇದ್ದಾರೆ, ಆಚೆಯೂ ಇದ್ದಾರೆ.

ನಮ್ಮ ನಾಡಿನ ಹಳೆಯ ಗ್ರಂಥಗಳು ಇಂದು ನಾಡಿನಲ್ಲಿ ಇಲ್ಲದಿರುವುದು ಶೋಧಕರಿಗೆ ಇನ್ನೊಂದು ತೊಡಕು. ಶ್ರೀರಂಗಪಟ್ಟಣದ ಪತನದ ಬಳಿಕ ಟಿಪ್ಪು ಸುಲ್ತಾನರ ಸುಮಾರು ಎರಡು ಸಾವಿರ ಸಂಪುಟಗಳು ಕಲ್ಕತ್ತೆ ಮತ್ತು ಇಂಗ್ಲೆಂಡುಗಳಿಗೆ ಹಂಚಿಹೋದವು. ಅವುಗಳ ವಿವರಣಾತ್ಮಕ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದರು. ಬಿಜಾಪುರದ ಆದಿಲ್‌ಶಾಹಿಗಳ ಗ್ರಂಥಭಂಡಾರದಲ್ಲಿ ಉಳಿದು ಅಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಅವುಗಳಲ್ಲಿನ ಅರಬೀ ಗ್ರಂಥಗಳು ಆಟೋ ಲಾತ್ ಎಂಬವರ 1877ರ ಪಟ್ಟಿಯಲ್ಲಿ ಸೇರಿವೆ. ಗ್ರಂಥ ದೂರದಲ್ಲಿದ್ದರೂ ಪಟ್ಟಿಯನ್ನು ಓದುವುದೇ ಒಂದು ವಿದ್ಯೆ. ಬಿಜಾಪುರದ ಅರಮನೆಯಲ್ಲಿ ಯಾವ ಫಿಖ್ಹ್, ಯಾವ ತಸವ್ವುಫ್ ಗ್ರಂಥಗಳಿದ್ದವು ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

ವಿದ್ವಾಂಸರ ಕೋಶಗಳಲ್ಲಿ ಹೆಂಗಸರು ಬಲು ಅಪರೂಪವೆಂದು ಮೇಲೆ ಹೇಳಿದೆವು. ಒಂದು ಮನೆತನ ಇಸ್ಲಾಮನ್ನು ನಿಜವಾಗಿ ತನ್ನದಾಗಿಸಿಕೊಳ್ಳುವುದು ಮಾತ್ರ ಅಡುಗೆಮನೆಯಲ್ಲಿ. ಈಟನ್ 1974ರಲ್ಲಿ ಪ್ರಕಟಿಸಿದ ಲೇಖನವೊಂದು ಈ ದಿಕ್ಕಿನಲ್ಲಿ ನೋಡಿತು. ಬಿಜಾಪುರದ ಚಿಶ್ತಿ ಸೂಫಿಗಳು ದಖ್ಖನಿಯಲ್ಲಿ ಚಕ್ಕೀನಾಮಾ, ಚರ್ಖಾನಾಮಾ ಎಂಬ ಸರಳ ಹಾಡುಗಳನ್ನು ಕಟ್ಟಿದ್ದರು. ರಾಗಿಯನ್ನೋ ಜೋಳವನ್ನೋ ಬೀಸುತ್ತ, ನೂಲು ತೆಗೆಯುತ್ತ ಹೆಂಗಸರು ಅವನ್ನು ಹಾಡುತ್ತಿದ್ದರು. ಬೀಸುವ ಕಲ್ಲಿನ ಹಿಡಿಗೂಟವನ್ನು ಅಲ್ಲಾಹನ ನಾಮದ ಅಲಿಫ್ ಅಕ್ಷರಕ್ಕೂ, ನಡುವಿನ ಗೂಟವನ್ನು ಪ್ರವಾದಿ(ಸ)ಯವರಿಗೂ ಹೋಲಿಸಿ, ಬೀಸುವಿಕೆಯನ್ನೇ ಝಿಕ್ರ್ ಆಗಿ ಮಾರ್ಪಡಿಸುವ ಹಾಡುಗಳವು. ಬೀಸುವ ಪದಗಳನ್ನು ಕನ್ನಡ ಜಾನಪದದಲ್ಲಿ ಓದಿದವರಿಗೆ ಆ ಲಯ ಹೊಸದಲ್ಲ. ನೆರೆಮನೆಯಲ್ಲಿ ಕನ್ನಡದಲ್ಲಿ ಒಂದು ದೇವರ ಹಾಡು, ಈ ಮನೆಯಲ್ಲಿ ದಖ್ಖನಿಯಲ್ಲಿ ಅಲ್ಲಾಹನ ಹಾಡು, ಕಲ್ಲು ಒಂದೇ ಬಗೆಯದು. ಇದನ್ನು ಮತಾಂತರ ಎಂದು ಕರೆಯುವುದಕ್ಕಿಂತ, ತಾಯಿಯಿಂದ ಮಗುವಿಗೆ ತಲೆಮಾರುಗಳ ಕಾಲ ನಿಧಾನವಾಗಿ ಇಳಿದ ಧರ್ಮ ಎನ್ನುವುದೇ ಸರಿಯೆಂಬುದು ಆ ಲೇಖನದ ಧೋರಣೆ. ಬುಲಿಯೆಟರು ಇರಾನಿನ ಹೆಸರುಗಳಲ್ಲಿ ಕಂಡ ನಿಧಾನವೇ ಇಲ್ಲಿ ಹಾಡುಗಳಲ್ಲಿ ಕಾಣುತ್ತದೆ.

ಈ ಹಾಡುಗಳ ಹಸ್ತಪ್ರತಿಗಳು ಹೈದರಾಬಾದಿನ ಇದಾರಾಯೆ ಅದಬಿಯಾತೆ ಉರ್ದುವಿನಂತಹ ಸಂಗ್ರಹಗಳಲ್ಲಿವೆ. ಆದರೆ ಗ್ರಂಥಾಲಯವನ್ನು ಸೇರದ ಹಾಡುಗಳೂ ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಇರಬಹುದು. ಬೀಸುವ ಕಲ್ಲು ಹಿತ್ತಿಲನ್ನು ಸೇರಿದೆ, ಅದನ್ನು ಬೀಸಿದ ಅಜ್ಜಿಯರು ಎಣಿಕೆಯಷ್ಟೇ ಉಳಿದಿದ್ದಾರೆ. ಮನೆಯಲ್ಲಿ ಅಂತಹ ಅಜ್ಜಿ ಇದ್ದರೆ, ಪ್ರಬಂಧ ಬರೆಯುವ ವಿದ್ಯಾರ್ಥಿ ಅವರ ಬಳಿ ಕುಳಿತು ನೆನಪಿರುವಷ್ಟನ್ನು ಹಾಡಿಸಿ ಬರೆದುಕೊಳ್ಳಲಿ. ಬರೆದುಕೊಂಡ ದಿನಾಂಕ, ಊರು, ಅವರು ಅದನ್ನು ಯಾರಿಂದ ಕಲಿತರು, ಕಲಿಸಿದವರು ಯಾವ ಊರಿನಿಂದ ಮದುವೆಯಾಗಿ ಬಂದವರು ಎಂಬ ವಿವರಗಳನ್ನೂ ಅದರ ಕೆಳಗೆ ಸೇರಿಸಲಿ.